ಶಿಕ್ಷೆ ಮುಗಿದ ಮೇಲೆ ದೇಶ ಬಿಡಿಸುವ ಕಾನೂನು ಮತ್ತು ಕೊಡಗಿನ ಮನೆಗಳು

ಮಾನ್ಯ ಸಂಪಾದಕರೇ,

ಕೊಡಗಿನಿಂದ ಹೊರದೇಶಕ್ಕೆ ಹೋಗಿ ನೆಲೆಸಿದವರ ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿ ಸಾಮಾನ್ಯವಾಗಿ ಸಂತೋಷದ್ದೇ ಆಗಿರುತ್ತದೆ: ಪದವಿ, ಬಡ್ತಿ, ಹಾಕಿ ಪಂದ್ಯ, ಅಲ್ಲಿ ಸೇರಿ ಆಚರಿಸಿದ ಹುತ್ತರಿ. ಅವರಲ್ಲಿ ಯಾರಾದರೂ ಅಲ್ಲಿನ ಪೊಲೀಸರ ಕೈಗೆ ಸಿಕ್ಕಿದರೆ ಮನೆಯವರು ಅದನ್ನು ಹೊರಗೆ ಹೇಳುವುದಿಲ್ಲ, ಹೇಳದಿರುವುದು ಸಹಜವೂ ಹೌದು. ಆದರೆ ಮಾನಕ್ಕೆ ಅಂಜಿ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದರಿಂದ, ನೂರಾರು ಕುಟುಂಬಗಳಿಗೆ ಸಂಬಂಧಿಸಿದ ಒಂದು ಕಾನೂನು ನಮ್ಮ ಜಿಲ್ಲೆಯಲ್ಲಿ ಬಹುತೇಕ ಯಾರಿಗೂ ತಿಳಿಯದೆ ಉಳಿದಿದೆ. ವಿರಾಜಪೇಟೆಯಲ್ಲಿ ಬಹುಕಾಲ ವಕೀಲಿ ಮಾಡಿ ನಿವೃತ್ತನಾದ ನನಗೆ ಈಚೆಗೆ ಪರಿಚಿತರೊಬ್ಬರು ಕೇಳಿದ ಪ್ರಶ್ನೆಯಿಂದ ಅದನ್ನು ವಿವರವಾಗಿ ಓದುವ ಸಂದರ್ಭ ಬಂತು. ಅವರ ಮನೆಯ ವಿಷಯ ಇಲ್ಲಿ ಬರೆಯುವುದಿಲ್ಲ. ಕಾನೂನಿನ ವಿಷಯ ಮಾತ್ರ ಬರೆಯುತ್ತೇನೆ.

ಆಸ್ಟ್ರೇಲಿಯಾದ 1958ರ ವಲಸೆ ಕಾಯ್ದೆಯ 501ನೇ ಸೆಕ್ಷನ್ ಪ್ರಕಾರ, ಆ ದೇಶದ ಪೌರತ್ವ ಪಡೆಯದ ಯಾವ ವ್ಯಕ್ತಿಯ ವೀಸಾವನ್ನಾದರೂ ಆತನ ನಡತೆ ಸರಿಯಿಲ್ಲವೆಂಬ ಕಾರಣದ ಮೇಲೆ ರದ್ದುಗೊಳಿಸಬಹುದು. ಇಲ್ಲಿ ನಾವು ‘ಪಿಆರ್ ಸಿಕ್ಕಿತು’ ಎಂದು ಸಿಹಿ ಹಂಚುತ್ತೇವಲ್ಲ, ಆ ಕಾಯಂ ನಿವಾಸದ ಅನುಮತಿಯೂ ಕಾನೂನಿನ ಕಣ್ಣಿನಲ್ಲಿ ಒಂದು ವೀಸಾ ಅಷ್ಟೆ. ಹತ್ತು ವರ್ಷ ಇದ್ದವರಿಗೂ ನಲವತ್ತು ವರ್ಷ ಇದ್ದವರಿಗೂ ಅದು ಒಂದೇ ಬಗೆಯದು. ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಗೆ ಗುರಿಯಾದವನಿಗೆ ಗಣನೀಯ ಅಪರಾಧ ಹಿನ್ನೆಲೆ ಇದೆಯೆಂದು ಕಾಯ್ದೆ ಪರಿಗಣಿಸುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ನ್ಯಾಯಾಧೀಶರು ವಿಧಿಸಿದ ಅವಧಿಯೇ ಹೊರತು ಅಪರಾಧಿ ಜೈಲಿನಲ್ಲಿ ನಿಜವಾಗಿ ಕಳೆದ ಅವಧಿಯಲ್ಲ. ಎರಡು ಪ್ರಕರಣಗಳಲ್ಲಿ ಆರಾರು ತಿಂಗಳ ಶಿಕ್ಷೆಯಾಗಿ, ಎರಡನ್ನೂ ಒಟ್ಟಿಗೇ ಅನುಭವಿಸಲಿ ಎಂದು ನ್ಯಾಯಾಲಯ ಹೇಳಿದ್ದರೂ, ವಲಸೆ ಇಲಾಖೆ ಅವನ್ನು ಕೂಡಿಸಿ ಒಂದು ವರ್ಷವೆಂದೇ ಎಣಿಸುತ್ತದೆ. 2014ರ ಡಿಸೆಂಬರ್‌ವರೆಗೆ ಹೀಗೆ ಕೂಡಿಸಿ ಎಣಿಸುವಾಗ ಮಿತಿ ಎರಡು ವರ್ಷವಿತ್ತು; ಆಗಿನ ತಿದ್ದುಪಡಿ ಅದನ್ನು ಒಂದು ವರ್ಷಕ್ಕೆ ಇಳಿಸಿತು.

ಅದೇ ತಿದ್ದುಪಡಿ ಇನ್ನೂ ದೊಡ್ಡದೊಂದು ಬದಲಾವಣೆ ತಂದಿತು. ಅದುವರೆಗೆ ವೀಸಾ ರದ್ದುಪಡಿಸಬೇಕೋ ಬೇಡವೋ ಎಂಬುದನ್ನು ಸಚಿವರು ಅಥವಾ ಅಧಿಕಾರಿ ಪ್ರಕರಣ ನೋಡಿ ತೀರ್ಮಾನಿಸುತ್ತಿದ್ದರು. ಆಮೇಲೆ, ಹನ್ನೆರಡು ತಿಂಗಳ ಶಿಕ್ಷೆಯಾಗಿ ಜೈಲಿನಲ್ಲಿರುವವನ ವೀಸಾವನ್ನು, ಅಥವಾ ಮಗುವಿನ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಜೈಲಿನಲ್ಲಿರುವವನ ವೀಸಾವನ್ನು, ಕಡ್ಡಾಯವಾಗಿ ರದ್ದುಗೊಳಿಸಲೇಬೇಕೆಂದಾಯಿತು. ಮೊದಲು ರದ್ದು, ವಿಚಾರಣೆ ಆಮೇಲೆ. ವರ್ಷಕ್ಕೆ ನೂರರ ಆಸುಪಾಸಿನಲ್ಲಿದ್ದ ರದ್ದತಿಗಳು ಇದರಿಂದಾಗಿ ಎರಡೇ ವರ್ಷಗಳಲ್ಲಿ ಸಾವಿರದ ಹತ್ತಿರ ಬಂದವು. 2022ರ ಕೊನೆಯಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದ ಪೂರ್ಣಪೀಠ, ಹಲವು ಅಪರಾಧಗಳಿಗೆ ಸೇರಿಸಿ ಕೊಟ್ಟ ಒಟ್ಟು ಶಿಕ್ಷೆಗೆ ಈ ಕಡ್ಡಾಯ ನಿಯಮ ಅನ್ವಯಿಸುವುದಿಲ್ಲವೆಂದು ತೀರ್ಪು ನೀಡಿ ಕೆಲವರಿಗೆ ಬಿಡುಗಡೆ ದೊರೆಯುವಂತೆ ಮಾಡಿತು. 2023ರ ಫೆಬ್ರವರಿಯ ಹೊತ್ತಿಗೆ ಸಂಸತ್ತು ಹೊಸ ಕಾಯ್ದೆ ಮಾಡಿ ಆ ತೀರ್ಪಿನ ಪರಿಣಾಮವನ್ನು ಅಳಿಸಿಹಾಕಿತು. ಈ ವಿಷಯದಲ್ಲಿ ಅಲ್ಲಿನ ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಇರುವ ಅಂತರ ನಮ್ಮ ನೆಂಟರು ಭಾವಿಸಿರುವುದಕ್ಕಿಂತ ಬಹಳ ಕಡಿಮೆ.

ಕಾರ್ಯವಿಧಾನವನ್ನು ನೋಡಿದರೆ, ಇಲ್ಲಿ ಕ್ರಿಮಿನಲ್ ಪ್ರಕರಣ ನಡೆಸಿದ ಯಾವ ವಕೀಲನಿಗಾದರೂ ಆತಂಕವಾಗುತ್ತದೆ. ರದ್ದತಿಯ ನೋಟಿಸು ಕೈದಿಗೆ ಜೈಲಿನಲ್ಲೇ ತಲುಪುತ್ತದೆ. ಅದನ್ನು ಹಿಂತೆಗೆದುಕೊಳ್ಳಿ ಎಂದು ಮನವಿ ಸಲ್ಲಿಸಲು ಆತನಿಗಿರುವುದು 28 ದಿನ. ಆ ಗಡುವನ್ನು ವಿಸ್ತರಿಸುವ ಅಧಿಕಾರ ಯಾರಿಗೂ ಇಲ್ಲ. ತಾನು ಎಷ್ಟು ವರ್ಷದವನಾಗಿದ್ದಾಗ ಬಂದೆ, ಎಲ್ಲಿ ಓದಿದೆ, ಎಲ್ಲಿ ದುಡಿದೆ, ಹೆಂಡತಿ ಮಕ್ಕಳು ಯಾರು, ಯಾವ ಚಿಕಿತ್ಸೆ ಪಡೆದೆ, ಹಿಂದೆ ಕಳುಹಿಸಿದರೆ ಏನಾಗುತ್ತದೆ ಎಂಬುದೆಲ್ಲವನ್ನೂ ಆತ ಜೈಲಿನ ಒಳಗಿನಿಂದ, ಬಹುತೇಕ ವಕೀಲರ ನೆರವಿಲ್ಲದೆ, ಪತ್ರಗಳ ಸಮೇತ ಹೇಳಬೇಕು. ಇಲಾಖೆಯ ಉತ್ತರಕ್ಕೆ ಮಾತ್ರ ಅಂಥ ಗಡುವಿಲ್ಲ. ಶಿಕ್ಷೆಯ ಅವಧಿ ಮುಗಿಯುವುದರೊಳಗೆ ಉತ್ತರ ಬಾರದಿದ್ದರೆ ಆತ ಜೈಲಿನ ಬಾಗಿಲಿನಿಂದ ಮನೆಗೆ ಹೋಗುವಂತಿಲ್ಲ. ವೀಸಾ ಇಲ್ಲದವನಾದ್ದರಿಂದ ನೇರವಾಗಿ ವಲಸೆ ಬಂಧನ ಕೇಂದ್ರಕ್ಕೆ ಹೋಗಬೇಕು. ಸಿಡ್ನಿಯ ವಿಲವುಡ್, ಪಶ್ಚಿಮ ಆಸ್ಟ್ರೇಲಿಯಾದ ಯೋಂಗಾ ಹಿಲ್ ಇವೆಲ್ಲ ಅಂಥ ಕೇಂದ್ರಗಳು. ಹಿಂದೂ ಮಹಾಸಾಗರದ ನಡುವೆ, ಪರ್ತ್‌ನಿಂದ ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿರುವ ಕ್ರಿಸ್‌ಮಸ್ ದ್ವೀಪದಲ್ಲೂ ಇಂಥವರನ್ನು ಇರಿಸಿದ್ದುಂಟು.

ಅಧಿಕಾರಿ ಮನವಿಯನ್ನು ತಿರಸ್ಕರಿಸಿದರೆ ನ್ಯಾಯಮಂಡಳಿಗೆ ಹೋಗಲು ಒಂಬತ್ತು ದಿನಗಳ ಅವಕಾಶವಿದೆ. ನ್ಯಾಯಮಂಡಳಿ 84 ದಿನಗಳೊಳಗೆ ತೀರ್ಮಾನಿಸದಿದ್ದರೆ ಅರ್ಜಿದಾರ ಸೋತನೆಂದೇ ಕಾಯ್ದೆ ಭಾವಿಸುತ್ತದೆ. ಮಂಡಳಿ ತಡಮಾಡಿದ್ದಕ್ಕೆ ದಂಡ ತೆರುವವನು ಬಂಧನದಲ್ಲಿರುವವನು! ಅಲ್ಲಿ ಗೆದ್ದರೂ ಕಥೆ ಮುಗಿಯುವುದಿಲ್ಲ. ದೇಶದ ಹಿತದೃಷ್ಟಿಯೆಂದು ಹೇಳಿ ಸಚಿವರು ಸ್ವತಃ ಆ ಗೆಲುವನ್ನು ಪಕ್ಕಕ್ಕಿಟ್ಟು ಮತ್ತೆ ವೀಸಾ ರದ್ದು ಮಾಡಬಹುದು, ಮತ್ತು ಆಗ ಸಹಜ ನ್ಯಾಯದ ತತ್ತ್ವಗಳು ಅನ್ವಯಿಸುವುದಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಕೊನೆಗೆ ಹೊರಹಾಕಲ್ಪಟ್ಟವನು ಸಾಮಾನ್ಯವಾಗಿ ಮುಂದೆಂದೂ ಆ ದೇಶಕ್ಕೆ ಕಾಲಿಡುವಂತಿಲ್ಲ. ಮಗಳ ಮದುವೆಗೂ ತಾಯಿಯ ಸಾವಿಗೂ ಹೋಗುವಂತಿಲ್ಲ.

ಹಿಂದೆ ಹೀಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1983ರ ತಿದ್ದುಪಡಿಯ ಪ್ರಕಾರ, ಹತ್ತು ವರ್ಷ ಕಾಯಂ ನಿವಾಸಿಯಾಗಿದ್ದವನನ್ನು ಸಾಮಾನ್ಯ ಅಪರಾಧಕ್ಕಾಗಿ ಗಡೀಪಾರು ಮಾಡಲು ಬರುತ್ತಿರಲಿಲ್ಲ. ಹತ್ತು ವರ್ಷ ತಮ್ಮ ನಡುವೆ ಬಾಳಿದವನು ಒಳ್ಳೆಯವನಿರಲಿ ಕೆಟ್ಟವನಿರಲಿ, ತಮ್ಮ ಸಮಾಜದವನೇ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಗಡೀಪಾರಿನ ಆ ಸೆಕ್ಷನ್ನನ್ನು ಯಾರೂ ತೆಗೆದುಹಾಕಲಿಲ್ಲ, ಅದು ಇಂದಿಗೂ ಪುಸ್ತಕದಲ್ಲಿದೆ. ಆದರೆ 1998ರಲ್ಲಿ ಬಲಪಡಿಸಿದ 501ನೇ ಸೆಕ್ಷನ್‌ನಲ್ಲಿ ಹತ್ತು ವರ್ಷದ ರಕ್ಷಣೆ ಇಲ್ಲದ್ದರಿಂದ, ಸರ್ಕಾರ ಮುಂಬಾಗಿಲನ್ನು ಹಾಗೆಯೇ ಬಿಟ್ಟು ಹಿತ್ತಿಲ ಬಾಗಿಲನ್ನು ಬಳಸತೊಡಗಿತು.

ಇದರ ಪರಿಣಾಮ ಏನೆಂಬುದಕ್ಕೆ ನಿಸ್ಟ್ರೋಮ್ ಪ್ರಕರಣ ಸಾಕು. ಆತ ಹುಟ್ಟಿದ್ದು ಸ್ವೀಡನ್‌ನಲ್ಲಿ. ಒಂದು ತಿಂಗಳೂ ತುಂಬದ ಕೂಸಾಗಿದ್ದಾಗ ತಾಯಿಯೊಂದಿಗೆ ಆಸ್ಟ್ರೇಲಿಯಾಕ್ಕೆ ಬಂದವನು ಮತ್ತೆಂದೂ ಆ ದೇಶ ಬಿಟ್ಟು ಹೋಗಿರಲಿಲ್ಲ, ಸ್ವೀಡಿಷ್ ಭಾಷೆ ಅವನಿಗೆ ಬರುತ್ತಿರಲಿಲ್ಲ. ಅವನ ಅಪರಾಧಗಳು ಸಣ್ಣವಲ್ಲ: ಅತ್ಯಾಚಾರ, ಬೆಂಕಿ ಹಚ್ಚುವುದು ಮೊದಲಾದವು ಅವುಗಳಲ್ಲಿದ್ದವು. ಶಿಕ್ಷೆಯನ್ನು ಅನುಭವಿಸಿ ವರ್ಷಗಳಾದ ಮೇಲೆ ಅವನ ವೀಸಾ ರದ್ದಾಯಿತು. 2005ರಲ್ಲಿ ಫೆಡರಲ್ ನ್ಯಾಯಾಲಯ ಅವನ ಪರವಾಗಿ ನಿಂತರೂ 2006ರ ನವೆಂಬರಿನಲ್ಲಿ ಹೈಕೋರ್ಟ್ (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ಸರ್ಕಾರದ ಪರವಾಗಿ ತೀರ್ಪು ನೀಡಿತು. ಮರುತಿಂಗಳೇ ಅವನನ್ನು ಸ್ವೀಡನ್‌ಗೆ ಸಾಗಿಸಿದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ, ಪೌರತ್ವವಿಲ್ಲದಿದ್ದರೂ ಆಸ್ಟ್ರೇಲಿಯಾವೇ ಅವನ ಸ್ವಂತ ದೇಶ, ಸ್ವಂತ ದೇಶಕ್ಕೆ ಬರುವ ಹಕ್ಕನ್ನು ಮನಬಂದಂತೆ ಕಸಿದುಕೊಂಡದ್ದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಗೆ ವಿರುದ್ಧ ಎಂದು ಹೇಳಿತು. ಆ ಅಭಿಪ್ರಾಯವನ್ನು ಆಸ್ಟ್ರೇಲಿಯಾ ಒಪ್ಪಲಿಲ್ಲ. ಇದಕ್ಕೂ ಮೊದಲು 2004ರಲ್ಲಿ, ಎರಡು ವರ್ಷದ ಮಗುವಾಗಿದ್ದಾಗ ಬಂದಿದ್ದ ಒಬ್ಬಾತನನ್ನು ಅವನ ತಂದೆತಾಯಿಯ ನಾಡೆಂದು ಸರ್ಬಿಯಾಕ್ಕೆ ಕಳುಹಿಸಿದರು. ಆ ದೇಶ ಅವನನ್ನು ತನ್ನವನೆಂದು ಒಪ್ಪಲಿಲ್ಲ. ಆತ ಬೆಲ್‌ಗ್ರೇಡಿನ ಚಳಿಯಲ್ಲಿ ಆಸ್ಟ್ರೇಲಿಯಾದ ರಾಯಭಾರ ಕಚೇರಿಯ ಮುಂದೆ ಮಲಗಿದ. 2006ರಲ್ಲಿ ಸರ್ಕಾರವೇ ಅವನನ್ನು ವಾಪಸು ಕರೆಸಿಕೊಳ್ಳಬೇಕಾಯಿತು. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ನಾಲ್ಕು ಮೂರರ ಬಹುಮತದಿಂದ, ಆ ನೆಲದ ಮೂಲನಿವಾಸಿ ಸಮುದಾಯಕ್ಕೆ ಸೇರಿದವರು ಹೊರದೇಶದಲ್ಲಿ ಹುಟ್ಟಿದ್ದರೂ ಪರಕೀಯರಲ್ಲ ಎಂದಿತು. ಅಂದರೆ ಹುಟ್ಟೂರಿನ ಕಾಗದವೊಂದೇ ಎಲ್ಲವನ್ನೂ ನಿರ್ಧರಿಸಬಾರದೆಂಬ ವಿವೇಕ ಅಲ್ಲಿಯೂ ಇದೆ. ವಲಸಿಗರಿಗೆ ಮಾತ್ರ ಅದು ಇನ್ನೂ ದಕ್ಕಿಲ್ಲ.

2023ರ ನವೆಂಬರಿನ ಇನ್ನೊಂದು ತೀರ್ಪಿನ ಬಗ್ಗೆ ಅನೇಕರು ಭರವಸೆ ಇಟ್ಟುಕೊಂಡಿದ್ದಾರೆ. ಯಾವ ದೇಶಕ್ಕೂ ಕಳುಹಿಸಲಾಗದವರನ್ನು ಕೊನೆಯಿಲ್ಲದೆ ಬಂಧನದಲ್ಲಿಡುವಂತಿಲ್ಲ ಎಂದು ಆಗ ಹೈಕೋರ್ಟ್ ಹೇಳಿ, 2004ರ ತನ್ನದೇ ತೀರ್ಪನ್ನು ಬದಿಗಿರಿಸಿತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದರಿಂದ ಪ್ರಯೋಜನವಿಲ್ಲ, ಏಕೆಂದರೆ ಅವರನ್ನು ಕಳುಹಿಸಲು ಒಂದು ದೇಶವಿದೆ.

ಅಪರಾಧಿಗಳ ಪರವಾಗಿ ಇಷ್ಟೊಂದು ವಕಾಲತ್ತು ಏಕೆಂದು ಕೆಲವರು ಕೇಳಬಹುದು. ಪರದೇಶದಲ್ಲಿ ಅನ್ನ ತಿಂದು ಅಲ್ಲಿಯ ಹೆಣ್ಣುಮಗಳ ಮೇಲೆ ಕೈ ಮಾಡಿದವನನ್ನು ಆ ದೇಶ ಏಕೆ ಸಾಕಬೇಕು ಎಂಬ ಮಾತಿನಲ್ಲಿ ತೂಕವಿದೆ, ಅದನ್ನು ತಳ್ಳಿಹಾಕಲಾರೆ. ಪರಕೀಯನನ್ನು ಹೊರಕಳುಹಿಸುವ ಅಧಿಕಾರ ಯಾವ ದೇಶಕ್ಕೂ ಇದೆ. ನಮ್ಮ ದೇಶದಲ್ಲಿಯಂತೂ ಅದು ಇನ್ನೂ ವಿಶಾಲವಾಗಿದೆ. ಬೆಲ್ಜಿಯಂನಿಂದ 1937ರಲ್ಲಿ ಬಂದು ಇಲ್ಲಿಯೇ ಬದುಕು ಸವೆಸಿದ ಕ್ರೈಸ್ತ ಮಿಷನರಿಯೊಬ್ಬರಿಗೆ ದೇಶ ಬಿಡಲು ಹೇಳಿದಾಗ, ನಮ್ಮ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಸರ್ಕಾರದ ಆ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಹೇಳಿತು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ. ಕುಶಾಲನಗರದ ಸೇತುವೆ ದಾಟಿದರೆ ಸಿಗುವ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಇಲ್ಲಿ ಹುಟ್ಟಿ ಮುದುಕರಾಗುತ್ತಿರುವವರಲ್ಲಿಯೂ ಅನೇಕರು ಇಂದಿಗೂ ವಿದೇಶಿಯರ ನೋಂದಣಿ ಪತ್ರವನ್ನೇ ನವೀಕರಿಸಿಕೊಳ್ಳುತ್ತಿದ್ದಾರೆ. ನಮ್ಮ ತೋಟಗಳಿಗೆ ಕೆಲಸಕ್ಕೆ ಬರುವ ಅಸ್ಸಾಮಿನವರನ್ನು, ಅವರು ಈ ದೇಶದ ಪೌರರೇ ಆಗಿದ್ದರೂ, ಒಂದು ಕಳ್ಳತನವಾದೊಡನೆ ‘ಇವರನ್ನೆಲ್ಲ ಗಾಡಿ ಹತ್ತಿಸಿ’ ಎಂದು ಸಂತೆಯಲ್ಲಿ ನಿಂತು ಹೇಳುವವರು ನಮ್ಮಲ್ಲೇ ಇದ್ದಾರೆ. ಹೀಗಿರುವಾಗ ಆಸ್ಟ್ರೇಲಿಯಾವೊಂದನ್ನೇ ಬೈದು ಕುಳಿತುಕೊಳ್ಳುವುದು ಪ್ರಾಮಾಣಿಕವಾಗದು.

ಆದರೂ ಒಂದು ವ್ಯತ್ಯಾಸವನ್ನು ಗುರುತಿಸಲೇಬೇಕು. ಮೂವತ್ತನೆಯ ವಯಸ್ಸಿನಲ್ಲಿ ಕೆಲಸಕ್ಕೆ ಹೋಗಿ ಮೂವತ್ತೆರಡರಲ್ಲಿ ಅಪರಾಧ ಮಾಡಿದವನನ್ನು ಹಿಂದಕ್ಕೆ ಕಳುಹಿಸಿದರೆ ನನ್ನ ತಕರಾರಿಲ್ಲ. ಅವನು ನಮ್ಮಲ್ಲಿ ಬೆಳೆದವನು, ಅವನ ಗುಣಾವಗುಣಗಳು ನಮ್ಮವೇ. ಮೂರನೆಯ ವಯಸ್ಸಿನಲ್ಲಿ ಅಪ್ಪನ ಕೈಹಿಡಿದು ಹೋದವನ ಮಾತು ಬೇರೆ. ಅವನು ಓದಿದ್ದು ಅಲ್ಲಿಯ ಶಾಲೆಯಲ್ಲಿ, ಕುಡಿಯಲು ಕಲಿತದ್ದು ಅಲ್ಲಿಯ ಗೆಳೆಯರೊಡನೆ, ಅಪರಾಧಿಯಾದದ್ದು ಅಲ್ಲಿಯ ಬೀದಿಯಲ್ಲಿ. ಅಲ್ಲಿಯ ನ್ಯಾಯಾಲಯವೇ ಅವನಿಗೆ ಇಷ್ಟು ಶಿಕ್ಷೆ ಸಾಕೆಂದು ತೂಗಿ ಹೇಳಿದೆ. ಅದನ್ನು ಅನುಭವಿಸಿ ಮುಗಿಸಿದ ಮೇಲೆ, ಹೆಸರು ಕೇಳಿ ಮಾತ್ರ ಗೊತ್ತಿರುವ ನಾಪೋಕ್ಲಿಗೋ ಸೋಮವಾರಪೇಟೆಗೋ ಅವನನ್ನು ತಂದು ಬಿಡುವುದು ಎರಡನೆಯ ಶಿಕ್ಷೆಯಲ್ಲದೆ ಬೇರೇನೂ ಅಲ್ಲ. ಇದು ಶಿಕ್ಷೆಯಲ್ಲ, ಕೇವಲ ಆಡಳಿತ ಕ್ರಮ ಎಂದು ಅಲ್ಲಿನ ನ್ಯಾಯಾಲಯಗಳು ಹೇಳುತ್ತಾ ಬಂದಿವೆ; ವಕೀಲನಾಗಿ ಆ ವಾದದ ಎಳೆ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗುವುದಿಲ್ಲ.

ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರನ್ನು ಊಹಿಸಿಕೊಳ್ಳೋಣ. ಅಣ್ಣ ಮಡಿಕೇರಿಯ ಆಸ್ಪತ್ರೆಯಲ್ಲಿ ಹುಟ್ಟಿ ಎರಡು ವರ್ಷದವನಿದ್ದಾಗ ಹೋದವನು. ತಮ್ಮ, ತಂದೆತಾಯಿಗೆ ಪಿಆರ್ ಸಿಕ್ಕಿದ ಮೇಲೆ ಮೆಲ್ಬರ್ನ್‌ನಲ್ಲಿ ಹುಟ್ಟಿದವನು. 1986ರ ಆಗಸ್ಟ್ 20ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ತಂದೆತಾಯಿಯಲ್ಲಿ ಒಬ್ಬರಾದರೂ ಕಾಯಂ ನಿವಾಸಿಯಾಗಿದ್ದರೆ ಅಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಪೌರ. ಅಣ್ಣನಿಗೆ ಮಾತ್ರ ಯಾರೂ ಅರ್ಜಿ ಹಾಕಲಿಲ್ಲ. ಇಬ್ಬರೂ ಒಂದೇ ಹೊಡೆದಾಟದಲ್ಲಿ ಸಿಕ್ಕಿಬಿದ್ದು ಒಂದೇ ನ್ಯಾಯಾಧೀಶರಿಂದ ಹದಿನಾಲ್ಕು ತಿಂಗಳ ಶಿಕ್ಷೆ ಪಡೆದರೆ, ಬಿಡುಗಡೆಯ ದಿನ ತಮ್ಮ ಮನೆಗೆ ಹೋಗುತ್ತಾನೆ, ಅಣ್ಣ ಬಂಧನ ಕೇಂದ್ರಕ್ಕೆ. ಇದರಲ್ಲಿ ನಡತೆಯ ಪ್ರಶ್ನೆ ಎಲ್ಲಿ ಬಂತು?

ಹೆಂಡತಿಯನ್ನು ಹೊಡೆಯುವವನ ವಿಷಯದಲ್ಲಿ ಈ ಕಾನೂನಿಗೆ ಇನ್ನೊಂದು ಮುಖವಿದೆ. ದೂರು ಕೊಟ್ಟರೆ ಗಂಡನನ್ನು ದೇಶದಿಂದಲೇ ಓಡಿಸುತ್ತಾರೆ, ಆಮೇಲೆ ಎರಡೂ ಕಡೆಯ ಮನೆಯವರು ತನ್ನನ್ನೇ ದೂಷಿಸುತ್ತಾರೆ ಎಂಬ ಭಯ ಹೆಣ್ಣುಮಗಳ ಬಾಯಿ ಮುಚ್ಚಿಸಬಲ್ಲದು. ಊರಿನ ಹಿರಿಯರು ಫೋನಿನಲ್ಲಿ ‘ಹೊಂದಿಕೊಂಡು ಹೋಗಮ್ಮ’ ಎನ್ನುವುದಂತೂ ಇದ್ದೇ ಇದೆ. ಗಂಡನ ಮೂಲಕ ವೀಸಾಕ್ಕೆ ಅರ್ಜಿ ಹಾಕಿದ ಹೆಂಡತಿ, ಕೌಟುಂಬಿಕ ಹಿಂಸೆಯಿಂದ ಸಂಸಾರ ಮುರಿದರೆ ತಾನೂ ದೇಶ ಬಿಡಬೇಕಾದೀತೆಂದು ಹೆದರಬೇಕಿಲ್ಲ. ಅಂಥವರಿಗೆ ಕಾಯಂ ನಿವಾಸ ಕೊಡಲು ಆಸ್ಟ್ರೇಲಿಯಾದ ವಲಸೆ ನಿಯಮಗಳಲ್ಲಿ ಪ್ರತ್ಯೇಕ ಅವಕಾಶವಿದೆ. ಅವಳು ದೂರು ಕೊಡಬೇಕು. ಅದರ ಫಲವನ್ನು ಉಣ್ಣಬೇಕಾದವನು ಅವನು.

ಹೊರಹಾಕುವ ತೀರ್ಮಾನದಲ್ಲಿ ಏನೇನನ್ನು ತೂಗಬೇಕೆಂದು ಅಧಿಕಾರಿಗಳಿಗೆ ಸಚಿವರು ಲಿಖಿತ ನಿರ್ದೇಶನ ಕೊಡುತ್ತಾರೆ. 2023ರ ಮಾರ್ಚ್‌ನಲ್ಲಿ ಜಾರಿಗೆ ಬಂದ 99ನೇ ನಿರ್ದೇಶನ, ಆ ವ್ಯಕ್ತಿಗೆ ಆಸ್ಟ್ರೇಲಿಯಾದೊಂದಿಗಿರುವ ನಂಟು ಎಷ್ಟು ಗಟ್ಟಿ, ಎಷ್ಟು ದೀರ್ಘ ಎಂಬುದನ್ನು ಮುಖ್ಯ ಅಂಶಗಳ ಸಾಲಿಗೆ ಸೇರಿಸಿತು. ನ್ಯೂಜಿಲೆಂಡಿನ ಒತ್ತಾಯ ಇದರ ಹಿಂದಿತ್ತು. ಆ ದೇಶದ ಪ್ರಧಾನಿಯಾಗಿದ್ದ ಜೆಸಿಂಡಾ ಆರ್ಡರ್ನ್ 2020ರಲ್ಲಿ ಸಿಡ್ನಿಯಲ್ಲೇ ನಿಂತು, ನಿಮ್ಮ ಜನರನ್ನೂ ನಿಮ್ಮ ಸಮಸ್ಯೆಗಳನ್ನೂ ನಮ್ಮ ಮೇಲೆ ಹೊರಿಸಬೇಡಿ ಎಂಬರ್ಥದ ಮಾತನ್ನು ನೇರವಾಗಿ ಹೇಳಿದ್ದರು. 2024ರ ಮೇ ತಿಂಗಳಲ್ಲಿ ಗಂಭೀರ ಅಪರಾಧಿಗಳ ವೀಸಾಗಳನ್ನು ನ್ಯಾಯಮಂಡಳಿ ಮರಳಿಸಿದೆಯೆಂದು ಅಲ್ಲಿನ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಒಂದು ತಿಂಗಳೊಳಗೆ 110ನೇ ನಿರ್ದೇಶನ ಬಂದು, ಸಾರ್ವಜನಿಕರ ರಕ್ಷಣೆಗೆ ಉಳಿದೆಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕೆಂದಿತು. ಒಬ್ಬನ ಬದುಕು ಎಲ್ಲಿ ಕಳೆಯಬೇಕೆಂಬುದು ಆಯಾ ವಾರದ ಗದ್ದಲದ ಮೇಲೆ ನಿಲ್ಲುವಂತಾದದ್ದು ಹೀಗೆ.

ನ್ಯೂಜಿಲೆಂಡ್ ಗಟ್ಟಿಯಾಗಿ ಮಾತನಾಡಿದೆ. 2015ರಲ್ಲೇ ಕಾನೂನು ಮಾಡಿ, ಹೀಗೆ ಮರಳಿ ಬಂದವರ ಮೇಲೆ ನಿಗಾ ಇಡುವ, ಮನೆ ಕೆಲಸ ಹುಡುಕಿಕೊಳ್ಳಲು ನೆರವಾಗುವ ವ್ಯವಸ್ಥೆಯನ್ನೂ ಮಾಡಿಕೊಂಡಿದೆ. 2021ರ ಜನಗಣತಿಯ ಪ್ರಕಾರ ಆಸ್ಟ್ರೇಲಿಯಾದಲ್ಲಿ ಭಾರತದಲ್ಲಿ ಹುಟ್ಟಿದವರು 6,73,352 ಮಂದಿ. ಹೊರಗೆ ಹುಟ್ಟಿದವರಲ್ಲಿ ಇಂಗ್ಲೆಂಡಿನವರನ್ನು ಬಿಟ್ಟರೆ ಆಗ ಇವರೇ ಹೆಚ್ಚಾಗಿದ್ದರು. ಇಷ್ಟು ಜನ ಅಲ್ಲಿರುವಾಗ ನಮ್ಮಲ್ಲಿ ಅಂಥ ಕಾನೂನೂ ಇಲ್ಲ, ಅದರ ಚರ್ಚೆಯೂ ಇಲ್ಲ. ಕನ್ನಡವನ್ನಾಗಲಿ ಕೊಡವ ಭಾಷೆಯನ್ನಾಗಲಿ ಓದಲು ಬರೆಯಲು ಬಾರದ, ಆಧಾರ್ ಇಲ್ಲದ, ಬ್ಯಾಂಕ್ ಖಾತೆಯಿಲ್ಲದ ಮೂವತ್ತೈದರ ಗಂಡಸು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದರೆ ಅವನನ್ನು ನೋಡಿಕೊಳ್ಳಬೇಕಾದವರು ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಒಂಟಿಯಾಗಿರುವ ದೊಡ್ಡಪ್ಪನೋ ಅತ್ತೆಯೋ. ಮಾದಕ ವಸ್ತುವಿನ ಚಟಕ್ಕೆ ಅಲ್ಲಿ ಪಡೆಯುತ್ತಿದ್ದ ಚಿಕಿತ್ಸೆ ಇಲ್ಲಿ ಮುಂದುವರಿಯುವ ಖಾತರಿಯಿಲ್ಲ. ವಿದೇಶಾಂಗ ಸಚಿವಾಲಯ ಆಸ್ಟ್ರೇಲಿಯಾದೊಂದಿಗೆ ವ್ಯಾಪಾರ, ರಕ್ಷಣೆ, ವಿದ್ಯಾರ್ಥಿ ವೀಸಾಗಳ ಕುರಿತು ಮಾತನಾಡುವ ಮೇಜಿನ ಮೇಲೆ ಈ ವಿಷಯವನ್ನೂ ಇಡಬೇಕು. ಬಾಲ್ಯದಲ್ಲೇ ಹೋಗಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿ ಬೆಳೆದವರನ್ನು ಕಳುಹಿಸಬೇಡಿ ಎಂಬ ಒಂದೇ ಕೋರಿಕೆ ಸಾಕು. 1983ರಲ್ಲಿ ಅವರೇ ಒಪ್ಪಿದ್ದ ಗೆರೆ ಅದು.

ಆಸ್ಟ್ರೇಲಿಯಾ ಮಾತ್ರವಲ್ಲ ಎಂಬುದನ್ನೂ ಸೇರಿಸುತ್ತೇನೆ. ಬ್ರಿಟನ್ನಿನ 2007ರ ಕಾಯ್ದೆಯಲ್ಲಿಯೂ ಹನ್ನೆರಡು ತಿಂಗಳ ಶಿಕ್ಷೆಯೇ ಗಡೀಪಾರಿನ ಮಿತಿ. ಕೆನಡಾದಲ್ಲಿ 2013ರಿಂದ ಆರು ತಿಂಗಳ ಜೈಲು ಶಿಕ್ಷೆಯಾದವನಿಗೆ ಗಡೀಪಾರಿನ ವಿರುದ್ಧ ಮೇಲ್ಮನವಿಯ ಹಕ್ಕಿಲ್ಲ. 2018ರಲ್ಲಿ ಹಂಬೋಲ್ಟ್ ತಂಡದ ಹಾಕಿ ಆಟಗಾರರಿದ್ದ ಬಸ್ಸಿಗೆ ಲಾರಿ ಗುದ್ದಿ 16 ಮಂದಿ ಸತ್ತ ಅಪಘಾತದಲ್ಲಿ, ಭಾರತದಿಂದ ಹೋಗಿ ಕಾಯಂ ನಿವಾಸಿಯಾಗಿದ್ದ ಚಾಲಕನಿಗೆ ಎಂಟು ವರ್ಷ ಶಿಕ್ಷೆಯಾಗಿ, 2024ರಲ್ಲಿ ಗಡೀಪಾರಿನ ಆದೇಶವೂ ಆಯಿತು. ಆತ ಕುಡಿದಿರಲಿಲ್ಲ, ನಿಲ್ಲಿಸಬೇಕಾದ ಕಡೆ ನಿಲ್ಲಿಸಲಿಲ್ಲ. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆಂದು ವಕೀಲರು ಹೇಳಿದೊಡನೆ ಒಪ್ಪಿಕೊಂಡು ಆಮೇಲೆ ವೀಸಾ ಕಳೆದುಕೊಳ್ಳುವುದು ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಈ ಪರಿಣಾಮವನ್ನು ಕಕ್ಷಿದಾರನಿಗೆ ಮೊದಲೇ ತಿಳಿಸುವುದು ವಕೀಲನ ಕರ್ತವ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಅದೇ ವರ್ಷ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮೇಲ್ಮನವಿ ನ್ಯಾಯಾಲಯ, ಶಿಕ್ಷೆ ನಿಗದಿ ಮಾಡುವಾಗ ಗಡೀಪಾರಿನ ಸಾಧ್ಯತೆಯನ್ನೂ ಗಮನಿಸಬಹುದೆಂದಿತು. ಎಲ್ಲ ರಾಜ್ಯಗಳ ನ್ಯಾಯಾಲಯಗಳೂ ಇದನ್ನು ಒಪ್ಪುವುದಿಲ್ಲ. ಹಾಗಾಗಿ ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ಕಾನೂನು ಬಲ್ಲವರನ್ನೂ ಮೊದಲ ದಿನವೇ ಕೇಳಬೇಕು.

ಕೊಡಗಿನವರಿಗೆ ಮಾತ್ರ ಸಂಬಂಧಿಸಿದ ಒಂದು ಎಚ್ಚರಿಕೆಯೂ ಇದೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂ ಹಿಡುವಳಿ ಇರುವವರಿಗೂ ಕೋವಿಯ ಪರವಾನಗಿಯಿಂದ ಕೇಂದ್ರ ಸರ್ಕಾರ ಕೊಟ್ಟಿರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜಿಸಿ ಬೆಳೆದವನಿಗೆ ಅದು ಮನೆಯ ವಸ್ತು. 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಆಸ್ಟ್ರೇಲಿಯಾದಲ್ಲಿ ಬಂದೂಕಿನ ಕಾನೂನುಗಳು ಅತ್ಯಂತ ಬಿಗಿಯಾಗಿವೆ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಲ್ಲಿ ಜೈಲಿಗೆ ದಾರಿ, ಜೈಲಿನಿಂದ ಮುಂದಿನ ದಾರಿ ಯಾವುದೆಂದು ಮೇಲೆ ಹೇಳಿದ್ದೇನೆ.

ಇನ್ನು, ಇಷ್ಟೆಲ್ಲ ಅಪಾಯವಿದ್ದೂ ನಮ್ಮವರು ಏಕೆ ಪೌರತ್ವ ಪಡೆಯದೆ ವರ್ಷಗಟ್ಟಲೆ ಪಿಆರ್‌ನಲ್ಲೇ ಇರುತ್ತಾರೆ? ಭಾರತದ ಪಾಸ್‌ಪೋರ್ಟಿನ ಮೇಲಿನ ಅಭಿಮಾನ ಒಂದು ಕಾರಣ, ಅದನ್ನು ಗೌರವಿಸುತ್ತೇನೆ. ಸಂವಿಧಾನದ 9ನೇ ವಿಧಿಯೂ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ನೂ ಎರಡು ಪೌರತ್ವಕ್ಕೆ ಎಡೆಕೊಡುವುದಿಲ್ಲ. ಬೇರೆ ದೇಶದ ಪೌರನಾದ ಕ್ಷಣವೇ ಇಲ್ಲಿನದು ಹೋಗುತ್ತದೆ. ಆದರೆ ಕೊಡಗಿನಲ್ಲಿ ನಾನು ಹೆಚ್ಚಾಗಿ ಕೇಳಿದ ಕಾರಣ ಬೇರೆ: ‘ಅಲ್ಲಿಯ ಪೌರತ್ವ ತೆಗೆದುಕೊಂಡರೆ ಇಲ್ಲಿಯ ಕಾಫಿ ತೋಟ ಕೈತಪ್ಪುತ್ತದೆ.’ ಇದರಲ್ಲಿ ಅರ್ಧ ಮಾತ್ರ ನಿಜ. ವಿದೇಶಿ ವಿನಿಮಯದ ನಿಯಮಗಳ ಪ್ರಕಾರ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಇವುಗಳನ್ನು ಸಾಗರೋತ್ತರ ಭಾರತೀಯ ಕಾರ್ಡ್ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ) ಹೊಂದಿದವರು ಕೊಂಡುಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತಿಲ್ಲ. ಇದೇ ನಿರ್ಬಂಧ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ನೆಲೆಸಿರುವ ಅನಿವಾಸಿ ಭಾರತೀಯರಿಗೂ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಉತ್ತರಾಧಿಕಾರದಿಂದ ಬರುವ ಆಸ್ತಿಗೆ ಇಬ್ಬರಿಗೂ ಅಡ್ಡಿಯಿಲ್ಲ. ಅಂದರೆ ತಂದೆಯ ತೋಟ ಮರಣಾನಂತರ ಮಗನಿಗೆ ಬರುವ ವಿಷಯದಲ್ಲಿ, ಮಗನ ಪಾಸ್‌ಪೋರ್ಟ್ ಯಾವುದೆಂಬುದರಿಂದ ಈ ನಿಯಮಗಳಲ್ಲಿ ವ್ಯತ್ಯಾಸವಾಗುವುದಿಲ್ಲ. ಮಗ ಶಾಶ್ವತವಾಗಿ ಮರಳಿ ಬಂದು ಪಕ್ಕದ ತೋಟ ಕೊಳ್ಳಬೇಕೆಂದಿದ್ದರೆ ಮಾತ್ರ ಭಾರತದ ಪೌರತ್ವ ಉಪಯೋಗಕ್ಕೆ ಬರುತ್ತದೆ. ಎಷ್ಟು ಮಕ್ಕಳು ಹಾಗೆ ಬರುತ್ತಾರೆಂಬುದನ್ನು ಒಕ್ಕದ (ಕುಲದ) ಹಿರಿಯರು ತಮ್ಮಷ್ಟಕ್ಕೆ ಯೋಚಿಸಲಿ. ಜಮ್ಮಾ ಭೂಮಿಯಲ್ಲಿ ಒಕ್ಕದ ಹಕ್ಕಿನ ಪ್ರಶ್ನೆಯೂ ಸೇರಿಕೊಳ್ಳುವುದರಿಂದ ಅಂಥ ಕುಟುಂಬಗಳು ದಾಖಲೆ ತೋರಿಸಿ ಸಲಹೆ ಪಡೆಯುವುದು ಒಳ್ಳೆಯದು.

ಸಾಗರೋತ್ತರ ಭಾರತೀಯ ಕಾರ್ಡ್ ಪಡೆದವರೂ ನಿಶ್ಚಿಂತರಾಗಿರುವಂತಿಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ, ಇಲ್ಲವೇ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದರೆ, ಕಾರ್ಡನ್ನು ರದ್ದುಪಡಿಸಬಹುದೆಂದು 2025ರ ಆಗಸ್ಟ್‌ನಲ್ಲಿ ನಮ್ಮ ಗೃಹ ಸಚಿವಾಲಯ ಅಧಿಸೂಚನೆ ಹೊರಡಿಸಿದೆ. ಶಿಕ್ಷೆಯಿರಲಿ, ಆರೋಪಪಟ್ಟಿಯೇ ಸಾಕೆಂಬ ಈ ನಿಯಮ ಆಸ್ಟ್ರೇಲಿಯಾದ ಹನ್ನೆರಡು ತಿಂಗಳ ಶಿಕ್ಷೆಯ ನಿಯಮಕ್ಕಿಂತಲೂ ಒಂದು ಹೆಜ್ಜೆ ಮುಂದಿದೆ.

ಹೊರಗಿರುವ ಮಕ್ಕಳಿಗೆ ಫೋನ್ ಮಾಡುವ ತಂದೆತಾಯಂದಿರು ಒಂದು ವಿಷಯ ಕೇಳಿ ತಿಳಿದುಕೊಳ್ಳಲಿ ಎಂದು ವಿನಂತಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ ಕಾನೂನುಬದ್ಧವಾಗಿ ನೆಲೆಸಿ, ಅದರಲ್ಲಿ ಕೊನೆಯ ಒಂದು ವರ್ಷ ಪಿಆರ್‌ನಲ್ಲಿದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಹದಿನಾರು ತುಂಬದ ಮಕ್ಕಳನ್ನು ತಂದೆ ಅಥವಾ ತಾಯಿಯ ಅರ್ಜಿಯಲ್ಲೇ ಸೇರಿಸಬಹುದು. ಆ ವಯಸ್ಸು ದಾಟಿದರೆ ಅವರು ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಹದಿನೆಂಟು ತುಂಬಿದ ಮೇಲೆ ಅವರ ನಡತೆಯನ್ನೂ ಪರಿಶೀಲಿಸುತ್ತಾರೆ. ಅಪರಾಧ ಪ್ರಕರಣವೊಂದು ನ್ಯಾಯಾಲಯದಲ್ಲಿ ಬಾಕಿಯಿರುವಾಗ ಪೌರತ್ವದ ಅರ್ಜಿಗೆ ಒಪ್ಪಿಗೆ ಕೊಡಲು ಅಲ್ಲಿನ ಕಾಯ್ದೆಯಲ್ಲಿ ಅವಕಾಶವಿಲ್ಲ. ಆದ್ದರಿಂದ ಹುಡುಗ ಠಾಣೆಯಲ್ಲಿ ಕುಳಿತಿದ್ದಾನೆಂಬ ಸುದ್ದಿ ಬಂದ ಮೇಲೆ ಅರ್ಜಿ ಹಾಕಿ ಪ್ರಯೋಜನವಿಲ್ಲ. ಅವನಿನ್ನೂ ಶಾಲೆಗೆ ಹೋಗುತ್ತಿರುವಾಗಲೇ ಹಾಕಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಕೀಲ,
ವಿರಾಜಪೇಟೆ, ಕೊಡಗು